ಜಿಲೇಬಿಯ ಕುಲಗೋತ್ರ

ತಿಂಡಿತಿನಿಸುಗಳ ಹೆಸರಿಗೆ ವಂಶವೃಕ್ಷ ಬರೆದುಕೊಡುವ ಉದ್ಯೋಗವೊಂದು ಈಚಿನ ವರ್ಷಗಳಲ್ಲಿ ಬಹು ಬಿರುಸಿನಿಂದ ನಡೆಯುತ್ತಿದೆ. ಹಿಂದಿಯ ದಾರಿಯಾಗಿ ನಮ್ಮ ನಾಲಗೆಗೆ ಬಂದ ಸಮೋಸ, ಹಲ್ವ, ಬಿರಿಯಾನಿ, ಜಲೇಬಿ ಮೊದಲಾದ ಒಂದೊಂದು ಪದಕ್ಕೂ ಯಾರೋ ಒಬ್ಬರು ಸಂಸ್ಕೃತದಲ್ಲೊಂದು ತವರುಮನೆಯನ್ನು ಹುಡುಕಿ, ಅದಕ್ಕೊಪ್ಪುವ ಅರ್ಥವನ್ನೂ ಹೊಂದಿಸಿ, 'ಹೆಮ್ಮೆಯಿಂದ ಹಂಚಿಕೊಳ್ಳಿ' ಎಂಬ ಅಪ್ಪಣೆಯೊಡನೆ ಊರಿಗೆಲ್ಲ ಕಳುಹಿಸುತ್ತಾರೆ. ಈ ಪೈಕಿ ಹೆಚ್ಚು ಯಶಸ್ಸು ಕಂಡದ್ದು ಜಲೇಬಿಯ ಕಥೆ. ಅದರ ಪ್ರಕಾರ ಜಲೇಬಿಯ ಮೂಲ ಹೆಸರು 'ಜಲವಲ್ಲಿಕಾ'. ಜಲವೆಂದರೆ ನೀರು, ವಲ್ಲಿಕಾ ಎಂದರೆ ಬಳ್ಳಿ. ರಸ ತುಂಬಿದ ಬಳ್ಳಿಯಂತಿರುವುದರಿಂದ ಆ ಹೆಸರು. ಪರಕೀಯರು ನಮ್ಮ ಭಕ್ಷ್ಯವನ್ನು ಕದ್ದೊಯ್ದರು, ಹೆಸರನ್ನು ಕೆಡಿಸಿದರು, ಕೊನೆಗೆ ನಮ್ಮದನ್ನೇ ನಮಗೆ ತಮ್ಮದೆಂದು ಹೇಳಿಕೊಟ್ಟರು. ಕಥೆ ಇಷ್ಟೇ.

ಇಂಥ ಸಂದೇಶಗಳನ್ನು ನಾನು ನಕ್ಕು ಬದಿಗಿಡುತ್ತಿದ್ದೆ. ಆದರೆ ಈಚೆಗೆ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಇದೇ ಕಥೆಯನ್ನು, 'ಕದ್ದೊಯ್ದರು' ಎಂಬ ಮಾತನ್ನೂ ಬಿಡದೆ, ವೇದಿಕೆಯ ಮೇಲಿನಿಂದ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶಿಕ್ಷಕರೂ ತಟ್ಟಿದರು. ಮಕ್ಕಳು ತಟ್ಟಿದ್ದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಸಿಹಿತಿಂಡಿಯ ಹೆಸರು ಕೇಳಿದರೆ ಮಕ್ಕಳಿಗೆ ಹಿಗ್ಗಾಗುವುದು ಸಹಜ. ಶಿಕ್ಷಕರು ತಟ್ಟಿದ್ದೇ ಈ ಬರಹಕ್ಕೆ ಕಾರಣ.

ಪದವೊಂದರ ಮೂಲವನ್ನು ನಿರ್ಣಯಿಸುವುದು ಭಕ್ತಿಯ ಕೆಲಸವಲ್ಲ, ಸಾಕ್ಷ್ಯದ ಕೆಲಸ. ಅದಕ್ಕೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ಪದ ಬರಹದಲ್ಲಿ ಮೊದಲು ಕಾಣಿಸಿದ್ದು ಎಲ್ಲಿ ಮತ್ತು ಯಾವಾಗ? ಮೂಲರೂಪದಿಂದ ಈಗಿನ ರೂಪಕ್ಕೆ ಆಗಿರುವ ಧ್ವನಿಬದಲಾವಣೆ ಅದೇ ಭಾಷೆಯ ಇತರ ಪದಗಳಲ್ಲಿಯೂ ಆಗಿದೆಯೆ? ಎರಡರ ನಡುವಿನ ರೂಪಗಳು ಎಲ್ಲಿಯಾದರೂ ಉಳಿದಿವೆಯೆ? ಇವುಗಳಿಗೆ ಉತ್ತರ ದೊರೆತರೆ ಅದು ವ್ಯುತ್ಪತ್ತಿ. ದೊರೆಯದಿದ್ದರೆ ಅದು ಪದಬಂಧದ ಆಟ. ಆಟ ತಪ್ಪಲ್ಲ, ಆದರೆ ಆಟವನ್ನು ಪಾಠವೆಂದು ಹೇಳಬಾರದು.

ನಿಜವಾಗಿ ಸಂಸ್ಕೃತದಿಂದ ಇಳಿದುಬಂದ ಹಿಂದಿಯ ಆಹಾರಪದಗಳು ಹೇಗಿರುತ್ತವೆಂಬುದನ್ನು ಮೊದಲು ನೋಡೋಣ. ಸಂಸ್ಕೃತದ 'ಕ್ಷೀರ' ಹಿಂದಿಯಲ್ಲಿ 'ಖೀರ್' ಆಯಿತು. ಇದು ಹೋಲಿಕೆಯ ಬಲದ ಮೇಲೆ ಹೇಳಿದ ಮಾತಲ್ಲ. 'ಕ್ಷೇತ್ರ'ವು 'ಖೇತ್' ಆಗಿದೆ, 'ಅಕ್ಷಿ'ಯು 'ಆಂಖ್' ಆಗಿದೆ. ಮೂರರಲ್ಲಿಯೂ 'ಕ್ಷ'ಕಾರವು 'ಖ'ಕಾರವಾಗಿದೆ. 'ದಧಿ'ಯು 'ದಹಿ' ಆಯಿತು. 'ವಧೂ' ಎಂಬುದು 'ಬಹೂ' ಆದಂತೆ, 'ಬಧಿರ'ವು 'ಬಹರಾ' ಆದಂತೆ. 'ಘೃತ'ವು 'ಘೀ' ಆಯಿತು. 'ಲಡ್ಡುಕ'ವು 'ಲಡ್ಡೂ' ಆಯಿತು. ಪ್ರಾಕೃತ ಸಾಹಿತ್ಯವು ಈ ಮಾರ್ಪಾಟುಗಳಿಗೆಲ್ಲ ನಡುದಾರಿಯ ಸಾಕ್ಷಿಯಾಗಿ ನಿಂತಿದೆ. ಕನ್ನಡ ಓದಿದವರಿಗೆ ಇದು ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಮಾಡಿದ್ದು ಇದೇ ಬಗೆಯ ಕೆಲಸ: ಯಾವ ಅಕ್ಷರ ಯಾವ ಅಕ್ಷರವಾಗಿ ಕನ್ನಡಕ್ಕೆ ಬಂದಿತೆಂಬುದನ್ನು ಕ್ರಮವಾಗಿ ವಿಂಗಡಿಸಿ ತೋರಿಸುವುದು. ತತ್ಸಮ ತದ್ಭವಗಳನ್ನು ಬಾಯಿಪಾಠ ಮಾಡಿಸುವ ನಾವು ಅದರ ಹಿಂದಿನ ಕ್ರಮವನ್ನು ಮರೆತದ್ದರಿಂದಲೇ 'ಜಲವಲ್ಲಿಕಾ'ಗೆ ಚಪ್ಪಾಳೆ ಬೀಳುತ್ತಿದೆ.

ಈಗ ಜಲೇಬಿಯನ್ನು ಇದೇ ತಕ್ಕಡಿಯಲ್ಲಿ ಇಡೋಣ.

ಮೊದಲನೆಯ ಪ್ರಶ್ನೆ ಕಾಲದ್ದು. ಹತ್ತನೆಯ ಶತಮಾನದಲ್ಲಿ ಬಾಗ್ದಾದಿನ ಖಲೀಫರ ಅಡುಗೆಗಳನ್ನು ಕುರಿತು ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಎಂಬಾತನು ಅರಬ್ಬಿಯಲ್ಲಿ ದೊಡ್ಡದೊಂದು ಪಾಕಗ್ರಂಥವನ್ನು ರಚಿಸಿದನು. ಅದರಲ್ಲಿ 'ಜ಼ಲಾಬಿಯ' ಎಂಬ ಕರಿದ ಸಿಹಿಯನ್ನು ಮಾಡುವ ವಿಧಾನಗಳಿವೆ. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ ಬಾಳಿದ ಬಾಗ್ದಾದಿನ ಕವಿ ಇಬ್ನ್ ಅಲ್-ರೂಮಿಯು ಜ಼ಲಾಬಿಯ ಕರಿಯುವವನೊಬ್ಬನನ್ನು ಕುರಿತು ಪದ್ಯ ಬರೆದಿದ್ದಾನೆ. ಕವಿಯು ಕವಿತೆ ಕಟ್ಟಬೇಕಾದರೆ ಆ ತಿನಿಸು ಆ ಹೊತ್ತಿಗೆ ಬೀದಿಯಲ್ಲಿ ಮನೆಮಾತಾಗಿದ್ದಿರಬೇಕು.

ಭಾರತದಲ್ಲಿಯೋ? ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಹಸ್ತಪ್ರತಿಗಳ ನಡುವೆಯೇ ಬಾಳು ಸವೆಸಿದ ಪಿ. ಕೆ. ಗೋಡೆ ಅವರು 1940ರ ದಶಕದಲ್ಲಿ ಜಲೇಬಿಯ ಚರಿತ್ರೆಯನ್ನೇ ಗುರಿಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಅವರು ಬೆಳಕಿಗೆ ತಂದ ಆಧಾರಗಳಲ್ಲಿ ಹಳೆಯದು, ಜಿನಸೂರನೆಂಬ ಜೈನ ಗ್ರಂಥಕಾರನು ಸುಮಾರು 1450ರಲ್ಲಿ ರಚಿಸಿದ 'ಪ್ರಿಯಂಕರನೃಪಕಥಾ'. ಅಲ್ಲಿ ಶ್ರೀಮಂತ ವರ್ತಕನ ಮನೆಯ ಔತಣದ ಭಕ್ಷ್ಯಗಳ ನಡುವೆ ಜಲೇಬಿಯ ಹೆಸರು ಬರುತ್ತದೆ. ಅಂದರೆ ಬಾಗ್ದಾದಿನ ದಾಖಲೆಗೂ ನಮ್ಮ ದಾಖಲೆಗೂ ನಡುವೆ ಐದು ಶತಮಾನಗಳಷ್ಟು ಅಂತರವಿದೆ. ಇದಕ್ಕೂ ಹಳೆಯ ಭಾರತೀಯ ಗ್ರಂಥವೊಂದರಲ್ಲಿ ಯಾರಾದರೂ ಆ ಪದವನ್ನು ತೋರಿಸಿದರೆ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು. ತೋರಿಸುವ ಹೊಣೆ 'ಕದ್ದೊಯ್ದರು' ಎನ್ನುವವರದು. ಕಳವಿನ ದೂರು ಕೊಡುವವನು ಕಳುವಾದ ವಸ್ತು ತನ್ನ ಮನೆಯಲ್ಲಿತ್ತೆಂಬುದಕ್ಕೆ ಸಾಕ್ಷಿ ಒದಗಿಸಬೇಡವೆ?

ಎರಡನೆಯ ಪ್ರಶ್ನೆ ಧ್ವನಿಯದು. ಅರಬ್ಬಿ ಫಾರಸಿಗಳಲ್ಲಿ ಒಂದು 'ಜ಼'ಕಾರವಿದೆ. ಕನ್ನಡದಲ್ಲಿ ಬರೆಯುವಾಗ ಅದನ್ನು ತೋರಿಸಲು ಚುಕ್ಕೆಯಿಡಬೇಕಾಗುತ್ತದೆ. ಆ ಧ್ವನಿ ನಮ್ಮ ಜನರ ಬಾಯಿಗೆ ಬಂದಾಗ 'ಜ'ಕಾರವಾಗುತ್ತದೆ. ಜ಼ಮೀನ್ ನಮ್ಮಲ್ಲಿ ಜಮೀನಾಯಿತು, ಜ಼ೋರ್ ಜೋರಾಯಿತು, ಬಾಜ಼ಾರ್ ಬಜಾರಾಯಿತು, ತರಾಜ಼ೂ ತರಾಜಾಯಿತು, ಅಂದಾಜ಼ಾ ಅಂದಾಜಾಯಿತು. ಜ಼ಲಾಬಿಯ ಎಂಬುದು ಜಲೇಬಿಯಾದದ್ದು ಇದೇ ಸಾಲಿನಲ್ಲಿ. ಇದಕ್ಕೆ ಪಂಡಿತರ ಸಹಾಯವೇ ಬೇಡ. ತರಕಾರಿ ಮಾರುವವರ ಬಾಯಲ್ಲಿ ದಿನಾ ಕೇಳುವ ಪದಗಳೇ ಸಾಕು. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಹೊರತಂದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಕೋಶವನ್ನು ವಿಲಿಯಂ ಕ್ರೂಕ್ 1903ರಲ್ಲಿ ಪರಿಷ್ಕರಿಸಿದಾಗ, ಜಲೇಬಿಯು ಈ ಅರಬ್ಬಿ ಪದದಿಂದಲೇ ಬಂದಂತೆ ತೋರುತ್ತದೆಂದು ಸೇರಿಸಿದನು. ಇದು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ವಾದವಲ್ಲ.

ಮೂರನೆಯದು ನಡುವಣ ರೂಪಗಳದು. ಭೂಪಟವೊಂದನ್ನು ಗೋಡೆಗೆ ತೂಗುಹಾಕಿ ಕೋಲಿನಿಂದ ತೋರಿಸಬಹುದಾದ ಪಾಠ ಇದು. ಟ್ಯುನೀಷಿಯ, ಅಲ್ಜೀರಿಯಗಳಲ್ಲಿ 'ಜ಼್ಲಾಬಿಯ' ಎನ್ನುತ್ತಾರೆ. ಈಜಿಪ್ಟಿನಲ್ಲಿ 'ಜ಼ಲಾಬಿಯ', ಅಲ್ಲಿ ಅದು ಉಂಡೆಯ ಆಕಾರದ್ದು. ಇರಾನಿನಲ್ಲಿ 'ಜ಼ುಲ್ಬಿಯಾ', ರಮಜಾನಿನ ತಿಂಗಳಲ್ಲಿ ಅದಿಲ್ಲದೆ ಸಂಜೆಯಿಲ್ಲ. ಹಿಂದಿಯಲ್ಲಿ 'ಜಲೇಬಿ', ಮರಾಠಿಯಲ್ಲಿ 'ಜಿಲೇಬಿ', ಬಂಗಾಳಿಯಲ್ಲಿ 'ಜಿಲಿಪಿ'. ಕನ್ನಡದ 'ಜಿಲೇಬಿ' ಮರಾಠಿಯ ರೂಪಕ್ಕೆ ಒಡಹುಟ್ಟಿದಂತಿದೆ. ಊರಿಂದೂರಿಗೆ ಹೆಜ್ಜೆಯಿಡುತ್ತ ಪದ ಬಂದ ದಾರಿ ಕಣ್ಣಿಗೆ ಕಾಣುತ್ತದೆ.

ಇದೇ ಮೂರು ಪ್ರಶ್ನೆಗಳನ್ನು 'ಜಲವಲ್ಲಿಕಾ'ಗೆ ಕೇಳಿ ನೋಡಿ. ಸಂದೇಶ ಕಳುಹಿಸುವವರು ಯಾವ ಗ್ರಂಥದ ಯಾವ ಶ್ಲೋಕದಲ್ಲಿ ಆ ಪದ ಈ ಭಕ್ಷ್ಯಕ್ಕೆ ಸಲ್ಲುತ್ತದೆಂದು ಹೇಳುವುದಿಲ್ಲ. ಧ್ವನಿಯ ಮಾತಿಗೆ ಬಂದರೆ, ಸಂಸ್ಕೃತದ 'ವಲ್ಲಿ' ಹಿಂದಿಯಲ್ಲಿ ಏನಾಯಿತೆಂಬುದಕ್ಕೆ ಜೀವಂತ ಸಾಕ್ಷಿಯಿದೆ: ಅದು 'ಬೇಲ್' ಆಗಿದೆ. ಬಳ್ಳಿಗೆ ಹಿಂದಿಯ ಜನ ಇಂದಿಗೂ ಹೇಳುವುದು ಬೇಲ್ ಎಂದೇ. ಲಕಾರ ಅಲ್ಲಿ ಗಟ್ಟಿಯಾಗಿ ನಿಂತಿದೆ. ಹಾಗಿರುವಾಗ 'ವಲ್ಲಿಕಾ'ದಿಂದ 'ಏಬಿ' ಹುಟ್ಟಿತೆಂದರೆ ಆ ಒತ್ತಕ್ಷರದ ಲಕಾರ ಹೋದದ್ದೆಲ್ಲಿಗೆ? ಇನ್ನು ಅರ್ಥ. 'ಜಲವಲ್ಲಿ' ಎಂಬುದು ನೀರಿನಲ್ಲಿ ಹಬ್ಬುವ ಗಿಡಕ್ಕೆ ಒಪ್ಪುವ ಹೆಸರು. ಜಲೇಬಿಯಲ್ಲಿರುವುದು ಜಲವಲ್ಲ, ಸಕ್ಕರೆಯ ಪಾಕ. ಪಾಕವನ್ನು ಜಲವೆಂದು ಕರೆಯುವ ಅಡುಗೆಯವರನ್ನು ನಾನಂತೂ ಕಂಡಿಲ್ಲ.

ಇಷ್ಟು ಹೇಳಿದಾಗ ಇನ್ನೊಂದು ಬಾಣ ಬರುತ್ತದೆ. ಸಂಸ್ಕೃತ ಗ್ರಂಥಗಳಲ್ಲಿ ಜಲೇಬಿ ಮಾಡುವ ವಿಧಾನವೇ ಇದೆಯಲ್ಲ, ಅದಕ್ಕೇನೆನ್ನುತ್ತೀರಿ ಎಂದು. ಇದೆ, ನಿಶ್ಚಯವಾಗಿಯೂ ಇದೆ. ಹದಿನಾರನೆಯ ಶತಮಾನದ ವೈದ್ಯ ಭಾವಮಿಶ್ರನು 'ಭಾವಪ್ರಕಾಶ'ದಲ್ಲಿ, ಹೊಸ ಮಡಕೆಯ ಒಳಗೆ ಮೊಸರು ಸವರಿ, ಹಿಟ್ಟನ್ನು ಕಲಸಿಟ್ಟು ಹುಳಿಬರಿಸಿ, ತೂತುಳ್ಳ ಪಾತ್ರೆಯಿಂದ ಕಾದ ತುಪ್ಪಕ್ಕೆ ಸುತ್ತುಸುತ್ತಾಗಿ ಬಿಟ್ಟು, ಬೆಂದದ್ದನ್ನು ಸಕ್ಕರೆಪಾಕದಲ್ಲಿ ಅದ್ದುವ ಕ್ರಮವನ್ನು ಅಚ್ಚುಕಟ್ಟಾಗಿ ಹೇಳಿದ್ದಾನೆ. ಆದರೆ ಅವನು ಅದನ್ನು ಕರೆದದ್ದು 'ಕುಂಡಲಿನೀ' ಎಂದು. ಸುರುಳಿಯಾಗಿರುವುದರಿಂದ ಕುಂಡಲಿನಿ, ಆಕಾರವನ್ನು ನೋಡಿ ಇಟ್ಟ ಹೆಸರು, ಚೆಂದದ ಹೆಸರು. ಇದು ನಮ್ಮ ಎದುರಾಳಿಗಳ ವಾದವನ್ನು ಬಲಪಡಿಸುವುದಿಲ್ಲ, ಮುರಿಯುತ್ತದೆ. 'ಜಲವಲ್ಲಿಕಾ' ಎಂಬ ಸಂಸ್ಕೃತ ಹೆಸರೇ ಅದಕ್ಕೆ ಮೊದಲಿನಿಂದ ಇದ್ದಿದ್ದರೆ, ಸಂಸ್ಕೃತದಲ್ಲಿ ಬರೆಯುತ್ತಿದ್ದ ವೈದ್ಯನಿಗೆ ಬೇರೊಂದು ಹೆಸರು ಏಕೆ ಬೇಕಾಯಿತು? ಸುಮಾರು ಒಂದು ಶತಮಾನದ ಮೊದಲು ಜೈನ ಕಥೆಗಾರನಿಗೆ ದೇಶಭಾಷೆಯ 'ಜಲೇಬಿ'ಯನ್ನೇ ಏಕೆ ಬಳಸಬೇಕಾಯಿತು? ಇಬ್ಬರಿಗೂ ಹೊಳೆಯದ ಹೆಸರು ಇಂದಿನ ಸಂದೇಶಕಾರರಿಗೆ ಹೊಳೆದಿದೆ.

ಭಾವಮಿಶ್ರನ ಮನೋಧರ್ಮವನ್ನು ಗಮನಿಸಬೇಕು. ಹೊಸದೊಂದು ಭಕ್ಷ್ಯ ನಾಡಿನಲ್ಲಿ ಹರಡಿದೆ, ಜನ ತಿನ್ನುತ್ತಿದ್ದಾರೆ, ಹಾಗಿದ್ದ ಮೇಲೆ ಅದರ ಗುಣದೋಷಗಳನ್ನು ಹೇಳುವುದು ವೈದ್ಯನ ಕರ್ತವ್ಯ. ಅವನು ಅದರ ಜಾತಕವನ್ನು ಕೇಳಲಿಲ್ಲ. ದೇಹಕ್ಕೆ ಪುಷ್ಟಿಯನ್ನು ಕೊಡುತ್ತದೆಂದು ಬರೆದು, ತನ್ನ ಭಾಷೆಯಲ್ಲಿ ಒಂದು ಹೆಸರಿಟ್ಟು, ಶಾಸ್ತ್ರದೊಳಗೆ ಸೇರಿಸಿಕೊಂಡನು. ಆತ್ಮವಿಶ್ವಾಸವುಳ್ಳ ಪರಂಪರೆಯ ನಡೆ ಇದು.

ಪದಗಳನ್ನು ಒಡೆದು ಅರ್ಥ ಹುಟ್ಟಿಸುವುದು ಎಷ್ಟು ಸುಲಭವೆಂಬುದನ್ನು ತೋರಿಸಲು ನಾನೂ ಕೆಲವನ್ನು ಮಾಡಿಕೊಡಬಲ್ಲೆ. ಬೆಂದು ಬಿರಿದ ಅನ್ನವೇ ಬಿರಿಯಾನಿ; ಆದ್ದರಿಂದ ಅದು ಅಚ್ಚಗನ್ನಡ. ಹಲ್ಲಿಲ್ಲದವರೂ ತಿನ್ನಬಹುದಾದದ್ದರಿಂದ ಹಲ್ವ, ಇದೂ ನಮ್ಮದೇ. ಮೂರು ಮೂಲೆಗಳೂ ಸಮನಾಗಿರುವುದರಿಂದ ಸಮೋಸ. ಇವುಗಳನ್ನು ಕಟ್ಟಲು ನನಗೆ ಹತ್ತು ನಿಮಿಷ ಹಿಡಿಯಲಿಲ್ಲ. ಆದರೆ 'ಬಿರಿಯಾನ್' ಎಂದರೆ ಫಾರಸಿಯಲ್ಲಿ ಹುರಿದದ್ದು. 'ಹಲ್ವಾ' ಎಂದರೆ ಅರಬ್ಬಿಯಲ್ಲಿ ಸಿಹಿ. ಸಮೋಸದ ಪೂರ್ವಿಕನಾದ 'ಸಂಬೂಸಕ್' ಮಹಮ್ಮದ್ ಬಿನ್ ತುಘಲಕನ ದರಬಾರಿನ ಊಟದಲ್ಲಿದ್ದುದನ್ನು ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ವರ್ಣಿಸಿದ್ದಾನೆ. ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತ, ಈರುಳ್ಳಿಗಳನ್ನು ತೆಳುವಾದ ಹಾಳೆಯಲ್ಲಿ ತುಂಬಿ ತುಪ್ಪದಲ್ಲಿ ಕರಿದದ್ದು ಅದು. ನನ್ನ ಮೂರು ಸಂಶೋಧನೆಗಳೂ ಅಲ್ಲಿಗೆ ಮುಗಿದವು.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಬೆಂಗಳೂರಿದೆ. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಆದ್ದರಿಂದ 'ಬೆಂದಕಾಳೂರು' ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದೆವು. ಕಥೆ ಸೊಗಸಾದದ್ದು. ಆದರೆ ಬೇಗೂರಿನ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅದು ಗಂಗರ ಕಾಲದ ಶಾಸನ, ಸುಮಾರು ಕ್ರಿ.ಶ. 890ರದು, ಹೊಯ್ಸಳರು ರಾಜ್ಯ ಕಟ್ಟುವುದಕ್ಕೆ ಮೊದಲೇ ಊರಿಗೆ ಆ ಹೆಸರಿತ್ತು. ಕಲ್ಲಿನ ಮೇಲಿನ ಒಂದು ಸಾಲಿನ ಮುಂದೆ ಮುದುಕಿಯ ಕಾಳಿನ ಪಾತ್ರೆ ನಿಲ್ಲಲಿಲ್ಲ. ಇದರಿಂದ ಬೆಂಗಳೂರಿನ ಗೌರವಕ್ಕೆ ಕುಂದೇನಾದರೂ ಬಂದಿತೆ? ಊರು ಇನ್ನಷ್ಟು ಹಳೆಯದೆಂದು ತಿಳಿದಂತಾಯಿತು.

ಸಾಕ್ಷ್ಯದ ತಕ್ಕಡಿ ಯಾವಾಗಲೂ ನಮ್ಮ ವಿರುದ್ಧವೇ ವಾಲುತ್ತದೆಂದು ಭಾವಿಸಬೇಕಾಗಿಲ್ಲ. ಇಡ್ಲಿ ಅರಬ್ ವರ್ತಕರಿಂದ ಬಂತೆಂಬ ಮಾತೊಂದು ಆಗಾಗ ಓಡಾಡುತ್ತದೆ. ನಮ್ಮಲ್ಲಿರುವುದೆಲ್ಲವೂ ಹೊರಗಿನದೆಂದು ಹೇಳುವುದನ್ನೇ ಪಾಂಡಿತ್ಯವೆಂದು ತಿಳಿದವರೂ ಇದ್ದಾರಷ್ಟೆ. ಅವರಿಗೆ ನಾವು ಏನು ಉತ್ತರ ಕೊಡುತ್ತೇವೆ? ಸುಮಾರು 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಇದೆ ಎನ್ನುತ್ತೇವೆ. ಸುಮಾರು 1025ರ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸುವ ಕ್ರಮವಿದೆ ಎನ್ನುತ್ತೇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ಇಡ್ಡರಿಕಾ' ಇದೆ ಎನ್ನುತ್ತೇವೆ. ಕೊಳ್ಳೇಗಾಲದಲ್ಲಿ ಜನಿಸಿದ ಆಹಾರ ವಿಜ್ಞಾನಿ ಕೆ. ಟಿ. ಆಚಾಯ ಅವರು ಹಿಟ್ಟನ್ನು ಹುಳಿಬರಿಸಿ ಹಬೆಯಲ್ಲಿ ಬೇಯಿಸುವ ವಿದ್ಯೆ ಇಂಡೊನೇಷಿಯದಿಂದ ಬಂದಿರಬಹುದೆಂದು ಊಹಿಸಿದಾಗಲೂ, ನಮ್ಮ ಹಳಗನ್ನಡದ ಈ ದಾಖಲೆಗಳನ್ನು ಮುಂದಿಟ್ಟುಕೊಂಡೇ ಆ ಮಾತನಾಡಿದರು. ಇಡ್ಲಿಯ ವಿಷಯದಲ್ಲಿ ಗ್ರಂಥ, ಕಾಲ, ರೂಪ ಎಂದು ಕೇಳುವ ನಾವು ಜಲೇಬಿಯ ವಿಷಯ ಬಂದಾಗ ಆ ಮೂರನ್ನೂ ಮೂಟೆಕಟ್ಟಿ ಅಟ್ಟಕ್ಕೆ ಹಾಕುವುದು ನ್ಯಾಯವೆ? ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಇಟ್ಟುಕೊಂಡ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ?

ಪದಗಳ ವ್ಯಾಪಾರ ಎಂದೂ ಒಮ್ಮುಖವಾದದ್ದಲ್ಲ. ಜಲೇಬಿಯನ್ನು ಅದ್ದುವ ಪಾಕವನ್ನೇ ನೋಡಿ. ಸಂಸ್ಕೃತದ 'ಶರ್ಕರಾ' ಪ್ರಾಕೃತದ ಮೂಲಕ ನಮ್ಮಲ್ಲಿ ಸಕ್ಕರೆಯಾಯಿತು. ಪಶ್ಚಿಮಕ್ಕೆ ಹೋಗಿ ಫಾರಸಿಯಲ್ಲಿ 'ಶಕರ್' ಆಯಿತು, ಅರಬ್ಬಿಯಲ್ಲಿ 'ಸುಕ್ಕರ್' ಆಯಿತು, ಅಲ್ಲಿಂದ ಯೂರೋಪನ್ನೆಲ್ಲ ಸುತ್ತಿ ಇಂಗ್ಲಿಷಿನ 'ಶುಗರ್' ಆಯಿತು. 'ಖಂಡ' ಎಂಬ ಪದ 'ಕಂದ್' ಆಗಿ ಹೊರಟು 'ಕ್ಯಾಂಡಿ'ಯಾಗಿ ನಮ್ಮ ಮಕ್ಕಳ ಕೈಗೆ ಹಿಂದಿರುಗಿತು. ಹಾಗೆಂದು ಅರಬರು ಯಾರೂ ಎದ್ದು ನಿಂತು ಸುಕ್ಕರ್ ತಮ್ಮದೇ ಪದವೆಂದು ಸಾಧಿಸಲು ಹೊರಡಲಿಲ್ಲ. ಇತ್ತ ಹಿಂದಿಯವರು ಬಿಳಿಯ ಸಕ್ಕರೆಗೆ 'ಚೀನಿ' ಎಂದರು, ಅಂದರೆ ಚೀನದ್ದು. ಕಲ್ಲುಸಕ್ಕರೆಗೆ 'ಮಿಸ್ರಿ' ಎಂದರು, ಅಂದರೆ ಮಿಸ್ರ್ ಎಂಬ ಈಜಿಪ್ಟಿನದು. ಸಕ್ಕರೆಗೆ ಜಗತ್ತಿಗೆಲ್ಲ ಹೆಸರು ಕೊಟ್ಟ ದೇಶವೇ ಸಕ್ಕರೆಯ ಎರಡು ಬಗೆಗಳಿಗೆ ಎರಡು ಹೊರದೇಶಗಳ ಹೆಸರನ್ನಿಟ್ಟು ನಿಶ್ಚಿಂತೆಯಿಂದ ತಿಂದಿತು. ಬಾಗ್ದಾದಿನ ಪದ, ಭಾರತದ ಸಕ್ಕರೆ: ಜಲೇಬಿಯ ಒಂದು ಸುತ್ತಿನಲ್ಲಿ ಎರಡೂ ಇವೆ. ಇದಕ್ಕಿಂತ ಹೆಮ್ಮೆಯ ಕಥೆ ಬೇಕೆ?

'ಇರಲಿ ಬಿಡಿ ಮೇಷ್ಟ್ರೇ, ಒಂದು ತಿಂಡಿಯ ಹೆಸರು ಎಲ್ಲಿಂದ ಬಂದರೇನು, ಸಂಸ್ಕೃತಿಯ ಮೇಲಿನ ಅಭಿಮಾನದಿಂದ ಹೇಳಿದ ಮಾತಲ್ಲವೆ' ಎಂದು ಹಿತೈಷಿಗಳು ನನ್ನನ್ನು ಸಮಾಧಾನಪಡಿಸಿದ್ದುಂಟು. ಅವರಿಗೆ ನನ್ನ ಉತ್ತರ ಎರಡು.

ಮೊದಲನೆಯದು, ಇದರಿಂದ ಸಂಸ್ಕೃತಕ್ಕೇ ಅವಮಾನ. ಗೋಡೆ ಅವರಂಥವರು ಕಣ್ಣು ಸೋಲುವಷ್ಟು ಹಸ್ತಪ್ರತಿಗಳನ್ನು ಓದಿ, ಒಂದು ತಿನಿಸಿನ ಹೆಸರಿಗಾಗಿ ಕಥಾಗ್ರಂಥಗಳನ್ನೂ ವೈದ್ಯಗ್ರಂಥಗಳನ್ನೂ ಪಾಕಗ್ರಂಥಗಳನ್ನೂ ಜಾಲಾಡಿದರು. ಸಂಸ್ಕೃತದ ಮೇಲಿನ ಪ್ರೀತಿಯೆಂದರೆ ಅದು. ಒಂದು ಗ್ರಂಥವನ್ನೂ ತೆರೆಯದೆ ಸಂಸ್ಕೃತದಂತೆ ಕೇಳಿಸುವ ಪದವೊಂದನ್ನು ಹೊಸೆದು ಹಂಚುವುದು ಪ್ರೀತಿಯಲ್ಲ, ಸೋಮಾರಿತನ. ಸುಳ್ಳು ಪದಕವನ್ನು ತೊಡಿಸಿದರೆ, ಆ ಭಾಷೆ ನಿಜವಾಗಿ ಗೆದ್ದ ಪದಕಗಳನ್ನೂ ನಾಳೆ ಜನ ಸಂಶಯದಿಂದ ನೋಡುತ್ತಾರೆ. ಖೀರಿನ ಮೂಲ ಕ್ಷೀರವೆಂದು ಹೇಳಿದಾಗಲೂ, 'ಇದೂ ಜಲವಲ್ಲಿಕಾದ ಹಾಗೆಯೇ ಇರಬೇಕು' ಎಂದು ವಿದ್ಯಾರ್ಥಿ ಮೂಗು ಮುರಿದರೆ ತಪ್ಪು ಯಾರದು?

ಎರಡನೆಯದು ಇನ್ನೂ ಗಂಭೀರ. ನಾನು ಹೇಳಿದ ಆ ಸಭೆಯಲ್ಲಿ ಮುಸಲ್ಮಾನರ ಮಕ್ಕಳೂ ಕುಳಿತಿದ್ದರು. 'ಪರಕೀಯರು', 'ಕದ್ದೊಯ್ದರು' ಎಂಬ ಮಾತುಗಳು ಅವರ ಕಿವಿಗೂ ಬಿದ್ದವು. ಜಲೇಬಿಯ ಪದವನ್ನು ಕದ್ದವರು ಯಾರೆಂದು ವೇದಿಕೆಯಿಂದ ಹೆಸರಿಸಬೇಕಾಗಲಿಲ್ಲ. ಪಕ್ಕದಲ್ಲಿ ಕುಳಿತ ಮಗು ತಿರುಗಿ ನೋಡಿದರೆ ಸಾಕು. ಪದಕ್ಕೆ ಹಚ್ಚಿದ 'ಪರಕೀಯ' ಎಂಬ ಚೀಟಿ ಮನುಷ್ಯನ ಹಣೆಗೆ ಅಂಟುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಹಾಗೆ ಅಂಟಿದ್ದು ಬಿಡಿಸಲು ತಲೆಮಾರುಗಳು ಬೇಕು. ಶಾಲೆಯ ಅಂಗಳದಲ್ಲಿ, ಶಿಕ್ಷಕರ ಚಪ್ಪಾಳೆಯ ನಡುವೆ, ಒಂದು ಸುಳ್ಳಿನ ಆಧಾರದ ಮೇಲೆ ಆ ಚೀಟಿಯನ್ನು ಹಂಚುವುದನ್ನು 'ಅಭಿಮಾನ'ವೆಂದು ಕರೆಯಲು ನನ್ನಿಂದಾಗದು.

ಹೊರಗಿನ ಪದಗಳನ್ನೆಲ್ಲ ಅಟ್ಟಬೇಕೆನ್ನುವವರು ತಮ್ಮ ತರಗತಿಯಿಂದಲೇ ಆರಂಭಿಸಲಿ. ಬೆಳಿಗ್ಗೆ ನಾವು ಕರೆಯುವ 'ಹಾಜರಿ' ಅರಬ್ಬಿಯದು. ಕೂರುವ 'ಕುರ್ಚಿ' ಅರಬ್ಬಿಯದು. ಬರೆಯುವ 'ಕಾಗದ' ಫಾರಸಿಯದು, ಲೇಖನಿಗೆ ತುಂಬುವ 'ಶಾಯಿ' ಫಾರಸಿಯದು. ಮಕ್ಕಳೂ ಶಿಕ್ಷಕರೂ ಸಮಾನವಾಗಿ ಕಾಯುವ 'ರಜೆ' ಅರಬ್ಬಿಯದು. ಕೊನೆಗೆ 'ಮೇಷ್ಟ್ರು' ಎಂಬ ಪದವೇ ಹೊರಗಿನಿಂದ ಬಂದದ್ದು. ಇವುಗಳಲ್ಲಿ ಯಾವುದೂ ಕನ್ನಡವನ್ನು ಬಡವಾಗಿಸಲಿಲ್ಲ. ಕನ್ನಡದ ವಿಭಕ್ತಿಪ್ರತ್ಯಯ ಹತ್ತಿದ ದಿನವೇ ಅವು ಕನ್ನಡದವಾದವು. 'ಕುರ್ಚಿಯಲ್ಲಿ', 'ಕಾಗದಕ್ಕೆ', 'ರಜೆಯಿಂದ' ಎಂದು ಹೇಳುವಾಗ ಯಾರಿಗೂ ಬಾಗ್ದಾದಿನ ನೆನಪಾಗುವುದಿಲ್ಲ. ಕಿಟ್ಟೆಲ್ ತಮ್ಮ 1894ರ ನಿಘಂಟಿನಲ್ಲಿ ತದ್ಭವಗಳನ್ನೂ ಹಿಂದೂಸ್ಥಾನಿ, ಮರಾಠಿಗಳಿಂದ ಬಂದ ಪದಗಳನ್ನೂ ಗುರುತು ಹಾಕಿ ತೋರಿಸಿದರು; ಗುರುತು ಹಾಕಿ ಹೊರಗಟ್ಟಲಿಲ್ಲ, ಒಳಗೇ ಇಟ್ಟುಕೊಂಡರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ವರ್ಷಾನುಗಟ್ಟಲೆ ಉತ್ತರಿಸಿ ಕಲಿಸಿಕೊಟ್ಟ ಶಿಸ್ತೂ ಇದೇ: ಪದದ ಮೂಲವನ್ನು ತಿಳಿ, ತಿಳಿದು ಬಳಸು.

ಪದದ ಮೂಲ ಬೇರೆ, ತಿನಿಸಿನ ಒಡೆತನ ಬೇರೆ ಎಂಬುದನ್ನು ಕೊನೆಯದಾಗಿ ಒತ್ತಿ ಹೇಳಬೇಕಾಗಿದೆ. ಹೆಸರು ಅರಬ್ಬಿಯದಾದ ಮಾತ್ರಕ್ಕೆ ಜಲೇಬಿ ನಮ್ಮದಲ್ಲವೆಂದು ನಾನು ಹೇಳುತ್ತಿಲ್ಲ. ಗುಜರಾತಿನವರು ದಸರೆಯ ದಿನ ಫಾಫ್ಡಾದೊಡನೆ ಅದನ್ನು ತಿನ್ನುತ್ತಾರೆ. ಮಹಾರಾಷ್ಟ್ರದ ಮದುವೆಯೂಟದಲ್ಲಿ ಮಠ್ಠಾದ ಪಕ್ಕದಲ್ಲಿ ಅದು ಬರುತ್ತದೆ. ಉತ್ತರದವರು ಬೆಳಗಿನ ಹೊತ್ತು ಹಾಲು ಮೊಸರುಗಳೊಡನೆ ಸವಿಯುತ್ತಾರೆ. ಮೈದಾಹಿಟ್ಟಿನ ಬದಲು ಉದ್ದನ್ನು ರುಬ್ಬಿ ಹೂವಿನಂತೆ ಸುತ್ತಿ ಅದರ ಸೋದರನನ್ನು ಸೃಷ್ಟಿಸಿಕೊಂಡವರೂ ನಾವೇ. ಅದಕ್ಕೆ ಉತ್ತರದಲ್ಲಿ ಇಮರ್ತಿ ಎಂದೂ ನಮ್ಮಲ್ಲಿ ಜಹಾಂಗೀರ್ ಎಂದೂ ಹೆಸರು. 'ಜಗತ್ತನ್ನು ಗೆದ್ದವನು' ಎಂಬ ಅರ್ಥದ ಆ ಫಾರಸಿ ಹೆಸರಿನ ಸಿಹಿಯನ್ನು ನಮ್ಮ ಮದುವೆಮನೆಗಳಲ್ಲಿ ಬಾಳೆಯೆಲೆಯ ಮೇಲೆ ಬಡಿಸುವಾಗ ಯಾರೂ ಬೇಡವೆಂದದ್ದನ್ನು ನಾನು ಕಾಣೆ. ನಮ್ಮ ಜಾತ್ರೆಗಳಲ್ಲಿ, ಎಣ್ಣೆಯ ಹೊಗೆಯ ನಡುವೆ, ಬಟ್ಟೆಯ ಗಂಟಿನಿಂದ ಹಿಟ್ಟಿನ ಎಳೆಯನ್ನು ಬಾಣಲೆಗೆ ಬಿಡುವವನ ಕೈ ಸುತ್ತುವಾಗ ಆ ಕೈಯ ಹಿಂದೆ ಹಲವು ತಲೆಮಾರುಗಳ ಅಭ್ಯಾಸವಿದೆ. ಒಡೆತನವೆಂದರೆ ಅದು. ಅದಕ್ಕೆ ಸುಳ್ಳು ಜಾತಕದ ಅಗತ್ಯವಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಸಲ ಯಾರಾದರೂ ನಿಮ್ಮ ಮಕ್ಕಳ ಮುಂದೆ ನಿಂತು ಪದವೊಂದರ ಮೂಲವನ್ನು ಘೋಷಿಸಿದರೆ, ಚಪ್ಪಾಳೆಗೆ ಮೊದಲು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿ: ಯಾವ ಗ್ರಂಥ? ಯಾವ ಕಾಲ? ಆ ಧ್ವನಿ ಹೀಗೆ ಮಾರ್ಪಟ್ಟ ಇನ್ನೆರಡು ಪದಗಳು ಯಾವುವು? ಅತಿಥಿಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಪ್ರಶ್ನೆ ಕೇಳುವುದನ್ನು ಮಕ್ಕಳು ಕಲಿಯುತ್ತಾರೆ. ಜಲವಲ್ಲಿಕಾದ ಪಕ್ಷದವರಲ್ಲಿ ಯಾರಾದರೂ ಈ ಮೂರಕ್ಕೂ ಉತ್ತರ ಕೊಡಬಲ್ಲರಾದರೆ ನನಗೆ ಬರೆಯಲಿ. ಶ್ಲೋಕಸಂಖ್ಯೆಯನ್ನು ಮರೆಯದೆ ನಮೂದಿಸಬೇಕೆಂಬುದು ನನ್ನ ಒಂದೇ ಷರತ್ತು. ಅಂದಹಾಗೆ, 'ಷರತ್ತು' ಎಂಬುದೂ ಅರಬ್ಬಿಯದೇ.